ಪ್ರೇಕ್ಷಕರು ಕಟ್ಟಿದ ರಂಗಮಂದಿರ: ಬರ್ಲಿನ್ ಜನತಾರಂಗದ ಚರಿತ್ರೆ

ರಂಗಸಂಸ್ಥೆಗಳ ಸ್ಮರಣ ಸಂಚಿಕೆಗಳಲ್ಲಿ ನಟರ ಭಾವಚಿತ್ರಗಳೂ, ನಾಟಕಕರ್ತರ ಪ್ರಶಸ್ತಿಯೂ, ದ್ರವ್ಯಸಹಾಯ ಮಾಡಿದ ಮಹನೀಯರ ನಾಮಾವಳಿಯೂ ಯಥೋಚಿತವಾಗಿ ಸ್ಥಾನ ಪಡೆದಿರುತ್ತವೆ. ಆದರೆ ದಿನದ ದುಡಿಮೆಯನ್ನು ಮುಗಿಸಿ, ಕೂಲಿಯಲ್ಲಿ ಒಂದು ಪಾಲನ್ನು ಮಿಗಿಸಿ, ಟಿಕೇಟು ಕೊಂಡು ಬಂದು ಕುಳಿತ ಪ್ರೇಕ್ಷಕನು ಸಭಿಕವೃಂದವೆಂಬ ಒಂದೇ ಸಮೂಹವಾಚಕದೊಳಗೆ ಅಡಗಿಹೋಗುವನಲ್ಲದೆ, ಸಂಸ್ಥೆಯ ಚರಿತ್ರೆಯಲ್ಲಿ ಅವನಿಗೆ ಪ್ರತ್ಯೇಕವಾದ ಅಧ್ಯಾಯವೊಂದು ದೊರೆತದ್ದನ್ನು ಕಾಣುವುದು ಬಹು ವಿರಳ. ಈ ಲೇಖನದಲ್ಲಿ ನಿರೂಪಿಸಹೊರಟಿರುವ ಸಂಸ್ಥೆಯ ಕ್ರಮವೇ ಬೇರೆ. ಅಲ್ಲಿ ಮೊದಲು ಒಂದುಗೂಡಿದವರು ಪ್ರೇಕ್ಷಕರು. ಅವರು ತಮಗೆ ಬೇಕಾದ ನಾಟಕಗಳನ್ನು ಆರಿಸಿಕೊಂಡದ್ದು ಆಮೇಲೆ. ಸ್ವಂತ ರಂಗಮಂದಿರವನ್ನು ಕಟ್ಟಿಕೊಂಡದ್ದು ಇನ್ನೂ ಇಪ್ಪತ್ತನಾಲ್ಕು ವರ್ಷಗಳ ಅನಂತರ. ಶ್ರಮಜೀವಿಗಳಿಗಾಗಿ ನಾಟಕವಾಡಿದವರು ಲೋಕದಲ್ಲಿ ಅನೇಕರಿದ್ದಾರೆ. ಶ್ರಮಜೀವಿಗಳೇ ಯಜಮಾನರಾಗಿ ನಾಟಕವನ್ನು ಆಡಿಸಿಕೊಂಡ ದೊಡ್ಡ ದೃಷ್ಟಾಂತವೆಂದರೆ ಬರ್ಲಿನ್ ನಗರದ ‘ಫ್ರೈಯ ಫೋಕ್ಸ್‌ಬ್ಯೂನ’, ಎಂದರೆ ಸ್ವತಂತ್ರ ಜನತಾರಂಗ.

1890ರ ಬರ್ಲಿನ್ ಹದಿನೈದು ಲಕ್ಷಕ್ಕೂ ಮಿಕ್ಕ ಜನಸಂಖ್ಯೆಯ ರಾಜಧಾನಿಯಾಗಿದ್ದಿತು. ರೈಲ್ವೆ ಎಂಜಿನುಗಳನ್ನೂ ವಿದ್ಯುದ್ಯಂತ್ರಗಳನ್ನೂ ತಯಾರಿಸುವ ಕಾರ್ಖಾನೆಗಳು ಅದರ ಸುತ್ತ ಬೆಳೆದು, ಪೂರ್ವದ ಹಳ್ಳಿಗಳಿಂದ ಬಂದ ಸಂಸಾರಗಳು ಒಳ ಅಂಗಳಗಳ ಇಕ್ಕಟ್ಟಾದ ಬಾಡಿಗೆ ಮನೆಗಳಲ್ಲಿ ತುಂಬಿಕೊಂಡಿದ್ದವು. 1878ರಲ್ಲಿ ಜರ್ಮನಿಯ ಪ್ರಧಾನಿ ಬಿಸ್ಮಾರ್ಕ್ ಜಾರಿಗೆ ತಂದ ಸಮಾಜವಾದಿ ವಿರೋಧಿ ಶಾಸನವು ಕಾರ್ಮಿಕರ ಸಂಘಗಳನ್ನೂ ಪತ್ರಿಕೆಗಳನ್ನೂ ಹನ್ನೆರಡು ವರ್ಷಗಳ ಕಾಲ ಅದುಮಿಟ್ಟಿದ್ದಿತು. ಅದರ ಪರಿಣಾಮವಾದರೋ ಶಾಸನಕರ್ತರ ಉದ್ದೇಶಕ್ಕೆ ವಿಪರೀತವಾಗಿ, ಬಹಿರಂಗಸಭೆಯನ್ನು ಸೇರಲಾಗದ ಜನ ಗಾಯನಕೂಟಗಳಲ್ಲಿಯೂ ವಾಚನಗೋಷ್ಠಿಗಳಲ್ಲಿಯೂ ಸೇರುವುದನ್ನು ಕಲಿತರು. ರಾಜಕಾರಣವನ್ನು ಮಾತನಾಡುವಂತಿಲ್ಲದ ಕಡೆ ಸಾಹಿತ್ಯವನ್ನು ಓದಿದರು. ಓದಿದ ಮೇಲೆ ಅದನ್ನು ಕಣ್ಣಾರೆ ನೋಡಬೇಕೆಂಬ ಹಂಬಲ ಹುಟ್ಟಿತು. ಆದರೆ ನಾರ್ವೆಯ ನಾಟಕಕಾರ ಇಬ್ಸೆನ್ನನ ನಾಟಕಗಳನ್ನು ಆಡುತ್ತಿದ್ದುದೆಲ್ಲಿ? 1889ರಲ್ಲಿ ವಿಮರ್ಶಕ ಆಟೋ ಬ್ರಾಮ್ ಮೊದಲಾದವರು, ಪ್ಯಾರಿಸಿನಲ್ಲಿ ಆಂತ್ವಾನ್ ಎರಡು ವರ್ಷ ಮುಂಚೆ ಆರಂಭಿಸಿದ್ದ ರಂಗಪ್ರಯೋಗವನ್ನು ಮಾದರಿಯಾಗಿಟ್ಟುಕೊಂಡು, ‘ಫ್ರೈಯ ಬ್ಯೂನ’ ಎಂಬ ಖಾಸಗಿ ನಾಟಕಸಂಘವನ್ನು ಸ್ಥಾಪಿಸಿದ್ದರು. ಸದಸ್ಯರಿಗೆ ಮಾತ್ರ ಪ್ರದರ್ಶನವಾದುದರಿಂದ ಪೊಲೀಸರ ಪೂರ್ವಪರಿಶೀಲನೆ ಅದಕ್ಕೆ ಅನ್ವಯಿಸುತ್ತಿರಲಿಲ್ಲ. ಉಪಾಯವು ಉತ್ತಮವಾದದ್ದೇ; ಆದರೆ ಅದರ ಚಂದಾ ಮಾತ್ರ ಕಮ್ಮಾರಸಾಲೆಯಲ್ಲಿಯೋ ಹೊಲಿಗೆಮನೆಯಲ್ಲಿಯೋ ದುಡಿಯುವವನ ಕೈಗೆ ಎಟುಕುವಂತಹುದಾಗಿರಲಿಲ್ಲ.

ಕಾರ್ಮಿಕರ ಒಂದು ಚರ್ಚಾಕೂಟದವರು ತಮ್ಮ ಈ ಕೊರತೆಯನ್ನು ಬ್ರೂನೋ ವಿಲ್ಲೆ ಎಂಬ ತರುಣ ವಿದ್ವಾಂಸನ ಮುಂದಿಟ್ಟರು. ಆತನು 1890ರ ಮಾರ್ಚ್ ತಿಂಗಳಲ್ಲಿ, ಬಿಸ್ಮಾರ್ಕ್ ಅಧಿಕಾರದಿಂದ ಇಳಿದ ಕೆಲವೇ ದಿನಗಳಲ್ಲಿ, ‘ಬರ್ಲಿನರ್ ಫೋಕ್ಸ್‌ಬ್ಲಾಟ್’ ಪತ್ರಿಕೆಯಲ್ಲಿ ಒಂದು ಆಹ್ವಾನವನ್ನು ಪ್ರಕಟಿಸಿದನು. ಜುಲೈ 29ರಂದು ಒಂದು ಬಿಯರ್ ಕಾರ್ಖಾನೆಯ ಸಭಾಂಗಣದಲ್ಲಿ ಕರೆದ ಸಭೆಗೆ ಜನ ಕಿಕ್ಕಿರಿದು ಬಂದರು; ಆಗಸ್ಟಿನಲ್ಲಿ ಸಂಘವು ವಿಧ್ಯುಕ್ತವಾಗಿ ಸ್ಥಾಪಿತವಾಯಿತು; ಸೆಪ್ಟೆಂಬರ್ ಕೊನೆಗೆ ದಮನಶಾಸನದ ಅವಧಿ ತೀರಿತು; ಅಕ್ಟೋಬರ್ 19ರಂದು, ನಗರದ ಪೂರ್ವಭಾಗದ ಓಸ್ಟೆಂಡ್ ಥಿಯೇಟರಿನಲ್ಲಿ, ಮೊದಲ ನಾಟಕ.

ಆ ಮೊದಲ ನಾಟಕದ ಆಯ್ಕೆಯನ್ನು ಕುರಿತು ಸ್ವಲ್ಪ ನಿಂತು ಯೋಚಿಸುವುದು ಉಚಿತ. ಅದು ಇಬ್ಸೆನ್ನನ ‘ಸಮಾಜದ ಆಧಾರಸ್ತಂಭಗಳು’. ಊರಿನ ಗಣ್ಯನೂ ಹಡಗುಕಟ್ಟೆಯ ಒಡೆಯನೂ ಆದ ಬೆರ್ನಿಕ್ ಎಂಬಾತನು, ಒಳಮೈ ಕೊಳೆತುಹೋಗಿದ್ದ ಅಮೆರಿಕನ್ ಹಡಗೊಂದನ್ನು ಎರಡೇ ದಿನಗಳಲ್ಲಿ ತೇಪೆಹಾಕಿ ಸಮುದ್ರಕ್ಕೆ ಬಿಡಬೇಕೆಂದು ತನ್ನ ಮೇಸ್ತ್ರಿ ಔನೆಗೆ ಆಜ್ಞೆಮಾಡುತ್ತಾನೆ; ಮಾಡದಿದ್ದರೆ ಕೆಲಸದಿಂದ ತೆಗೆಯುವುದಾಗಿ ಬೆದರಿಸುತ್ತಾನೆ. ಆ ಹಡಗು ದಡ ಸೇರದೆಂಬುದನ್ನು ಔನೆ ಬಲ್ಲ, ಒಡೆಯನೂ ಬಲ್ಲ. ಒಬ್ಬನಿಗೆ ಸಂಸಾರದ ಅನ್ನದ ಪ್ರಶ್ನೆ, ಇನ್ನೊಬ್ಬನಿಗೆ ಹಳೆಯ ಅಪಕೀರ್ತಿಯೊಂದನ್ನು ಬಯಲು ಮಾಡಬಲ್ಲ ಮನುಷ್ಯನು ಅದೇ ಹಡಗಿನಲ್ಲಿ ಹೊರಡಲಿರುವನೆಂಬ ಗುಟ್ಟು. ಕೊನೆಗೆ ಒಡೆಯನ ಎಳೆಯ ಮಗನೇ ಆ ಹಡಗನ್ನು ಕದ್ದು ಹತ್ತಿದನೆಂಬ ಸುದ್ದಿ ಬಂದಾಗ ತಂದೆಯ ಎದೆ ಒಡೆಯುತ್ತದೆ. ಹಡಗನ್ನು ಹೊರಡದಂತೆ ತಡೆದು ಅನರ್ಥವನ್ನು ತಪ್ಪಿಸಿದವನು ಔನೆಯೇ ಎಂಬುದು ತಿಳಿದುಬರುತ್ತದೆ. ಇದೇ ನಾಟಕವನ್ನು ನೋಡಿದ್ದ ಮಧ್ಯಮವರ್ಗದ ಪ್ರೇಕ್ಷಕರು ಬೆರ್ನಿಕ್ಕನ ಅಂತರಂಗದ ಪರಿವರ್ತನೆಯನ್ನು ಮೆಚ್ಚಿಕೊಂಡಿರಬಹುದು. ಭಾನುವಾರ ಮಧ್ಯಾಹ್ನ ಕೈ ತೊಳೆದು ಒಳ್ಳೆಯ ಅಂಗಿ ಧರಿಸಿ ಬಂದ ಯಂತ್ರಕಾರರಿಗೆ ಔನೆ ಗೌಣಪಾತ್ರವಾಗಿ ಕಂಡಿರಲಾರನು. ನಾಟಕ ಅದೇ, ಪ್ರೇಕ್ಷಾಗಾರವು ಬದಲಾದಾಗ ಅದರ ಕೇಂದ್ರವೂ ಬದಲಾಗುತ್ತದೆ. ಹೀಗಿರುವುದರಿಂದಲೇ ಕಾರ್ಮಿಕ ರಂಗಭೂಮಿಯ ಚರಿತ್ರೆಯನ್ನು ನಾಟಕಕೃತಿಗಳ ಪಟ್ಟಿಯಾಗಿ ಬರೆಯುವುದು ಸಾಲದೆಂದು ನಾನು ನಂಬಿದ್ದೇನೆ.

ಸಂಘದ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದುದು ಆಸನಗಳನ್ನು ಹಂಚುತ್ತಿದ್ದ ರೀತಿ. ಸದಸ್ಯರೆಲ್ಲರೂ ಕೊಡುತ್ತಿದ್ದ ಕನಿಷ್ಠ ಚಂದಾ ಒಂದೇ. ಋತುಕಾಲದಲ್ಲಿ ತಿಂಗಳಿಗೆ 50 ಫೆನ್ನಿಗ್, ಎಂದರೆ ಅರ್ಧ ಮಾರ್ಕ್. ಪ್ರತಿಫಲವಾಗಿ ತಿಂಗಳಿಗೊಂದು ನಾಟಕ. ವೃತ್ತಿರಂಗದವರು ಖಾಲಿ ಬಿಡುತ್ತಿದ್ದ ಭಾನುವಾರದ ಮಧ್ಯಾಹ್ನಗಳನ್ನು ಸಂಘವು ಗೊತ್ತುಮಾಡಿಕೊಳ್ಳುತ್ತಿದ್ದಿತು. ವಾರದ ಆರು ದಿನವೂ ದುಡಿಯುವವನಿಗೆ ಬಿಡುವೂ ಅಂದೇ. ಬಾಗಿಲಲ್ಲಿ ಒಂದು ಕಲಶದಂಥ ಪಾತ್ರೆಯಲ್ಲಿ ಆಸನಸಂಖ್ಯೆಯ ಚೀಟಿಗಳನ್ನು ಹಾಕಿಟ್ಟಿರುತ್ತಿದ್ದರು. ಒಳಗೆ ಬರುವವರು ಕೈಯಿಟ್ಟು ಒಂದು ಚೀಟಿ ಎತ್ತಿಕೊಳ್ಳಬೇಕು. ಅದೃಷ್ಟವಿದ್ದರೆ ರಂಗದ ಮುಂದಿನ ಸಾಲು, ಇಲ್ಲದಿದ್ದರೆ ಮೇಲಂತಸ್ತಿನ ಮೂಲೆ. ಸಂಘದ ಅಧ್ಯಕ್ಷನಿಗೂ ಇದೇ ನಿಯಮ. ಕುರ್ಚಿ, ಬೆಂಚು, ನೆಲ ಎಂದು ದರದ ಪ್ರಕಾರ ಮನುಷ್ಯರನ್ನು ವಿಂಗಡಿಸಿ ಕೂರಿಸಿದ ಕಂಪನಿ ನಾಟಕಗಳ ಕೊಟ್ಟಿಗೆಯನ್ನು ಕಂಡ ನಮಗೆ, ಕಡಿಮೆ ದುಡ್ಡಿನವನು ದೂರವೇ ಕೂರಬೇಕೆಂಬುದು ಎಷ್ಟು ಸಹಜವಾದ ಏರ್ಪಾಟೆಂದು ತೋರಿದ್ದಿತೆಂಬುದನ್ನು ನೆನೆದರೆ, ಆ ಚೀಟಿಪಾತ್ರೆಯ ಮಹತ್ತ್ವವು ಅರಿವಾದೀತು. ಯುರೋಪಿನ ರಂಗಮಂದಿರಗಳಾದರೋ ಈ ವಿಷಯದಲ್ಲಿ ನಮಗಿಂತಲೂ ಕಟ್ಟುನಿಟ್ಟು. ಮೇಲ್ಗಡೆಯ ಅಗ್ಗದ ಸ್ಥಾನಗಳಿಗೆ ಹೋಗುವ ಬಾಗಿಲನ್ನೂ ಮೆಟ್ಟಿಲನ್ನೂ ಅನೇಕ ಕಡೆ ಬೇರೆಯಾಗಿಯೇ ಕಟ್ಟುತ್ತಿದ್ದರು.

ಪ್ರದರ್ಶನಕ್ಕೆ ಪೂರ್ವಭಾವಿಯಾಗಿ ಉಪನ್ಯಾಸಗಳನ್ನು ಏರ್ಪಡಿಸಿ, ನಾಟಕವನ್ನು ವಿವರಿಸುವ ಸಣ್ಣ ಪತ್ರಿಕೆಯನ್ನು ಸದಸ್ಯರಿಗೆ ಹಂಚುತ್ತಿದ್ದರು. ಸ್ತ್ರೀಯರು ಪುರುಷರಿಗೆ ಸಮಾನವಾಗಿ ಸದಸ್ಯರಾಗಿದ್ದರು. ಇದು ಸಾಮಾನ್ಯ ಸಂಗತಿಯಲ್ಲ. ಪ್ರಷ್ಯದ ಶಾಸನದ ಪ್ರಕಾರ 1908ರ ವರೆಗೂ ರಾಜಕೀಯ ಸಂಘಗಳಿಗೆ ಸ್ತ್ರೀಯರು ಸೇರುವಂತಿರಲಿಲ್ಲ; ಆದಕಾರಣ ಈ ನಾಟಕಸಂಘಕ್ಕೆ ರಾಜಕೀಯವೆಂಬ ಮುದ್ರೆಯನ್ನೊತ್ತಲು ಪೊಲೀಸರು ಹವಣಿಸಿದಾಗ, ಸದಸ್ಯೆಯರ ಹಕ್ಕಿಗೇ ಕುತ್ತು ಬರುವ ಸಂಭವವಿದ್ದಿತು.

ಹೊರಗಿನವರ ಉಪದ್ರವದಂತೆ ಒಳಗಿನ ಒಡಕೂ ಬಹುಬೇಗ ತಲೆದೋರಿತು. ಜನರಿಗೆ ಯಾವುದು ಹಿತವೆಂಬುದನ್ನು ಕಲೆಯ ಮರ್ಮವನ್ನು ಬಲ್ಲ ಕೆಲವರು ನಿರ್ಣಯಿಸಬೇಕೆಂಬುದು ವಿಲ್ಲೆಯ ಅಭಿಪ್ರಾಯ. ಸಂಘವು ಕಾರ್ಮಿಕ ಚಳವಳಿಯ ಅಂಗವಾಗಿದ್ದು ಬಹುಮತದಿಂದ ನಡೆಯತಕ್ಕದ್ದೆಂಬುದು ಎದುರಾಳಿಗಳ ವಾದ. 1892ರ ಅಕ್ಟೋಬರಿನಲ್ಲಿ ವಿಲ್ಲೆ ತನ್ನ ಅನುಯಾಯಿಗಳೊಡನೆ ಹೊರಬಿದ್ದು ‘ನೂತನ ಸ್ವತಂತ್ರ ಜನತಾರಂಗ’ವನ್ನು ಕಟ್ಟಿದನು; ಮೂಲಸಂಘದ ಅಧ್ಯಕ್ಷತೆಯನ್ನು ಸಾಹಿತ್ಯವಿಮರ್ಶಕನೂ ಇತಿಹಾಸಕಾರನೂ ಆದ ಫ್ರಾಂಟ್ಸ್ ಮೇರಿಂಗ್ ವಹಿಸಿಕೊಂಡನು. ಮೇರಿಂಗನು ಸದಸ್ಯರಿಗಾಗಿ ಬರೆದ ಪ್ರಬಂಧಗಳು, ಷಿಲ್ಲರ್ ಲೆಸ್ಸಿಂಗರಂತಹ ಹಿರಿಯ ಕವಿಗಳನ್ನು ಅವರವರ ಕಾಲದ ವರ್ಗಸಂಬಂಧಗಳ ಬೆಳಕಿನಲ್ಲಿಟ್ಟು ನೋಡಿದ ಗಂಭೀರವಾದ ಬರೆವಣಿಗೆಗಳು. ಓದುಗನು ಕಾರ್ಮಿಕನೆಂದು ಅವುಗಳಲ್ಲಿ ಎಲ್ಲಿಯೂ ವಿಚಾರವನ್ನು ತೆಳುಮಾಡಿಲ್ಲ. ಇಬ್ಬರ ವಾದದಲ್ಲಿಯೂ ತಥ್ಯಾಂಶವಿದ್ದಿತು. ಆದರೂ ನನ್ನ ಒಲವು ಮೇರಿಂಗನ ಪಕ್ಷಕ್ಕೆ. ಏಕೆಂದರೆ, ಆಸನದಲ್ಲಿ ಸಮಾನತೆಯನ್ನು ಕೊಟ್ಟು ಆಯ್ಕೆಯಲ್ಲಿ ಕಸಿದುಕೊಳ್ಳುವುದು ಅರ್ಧ ಔದಾರ್ಯವಷ್ಟೆ.

ಈ ಕಾಲದ ಮಹಾಘಟನೆಯೆಂದರೆ ಗೆರ್ಹಾರ್ಟ್ ಹೌಪ್ಟ್‌ಮನ್ನನ ‘ನೇಕಾರರು’. 1844ರ ಜೂನ್ ತಿಂಗಳಲ್ಲಿ ಸೈಲೀಷಿಯ ಪ್ರಾಂತದ ಎರಡು ಊರುಗಳಲ್ಲಿ ಹಸಿವಿನಿಂದ ಕಂಗೆಟ್ಟ ನೇಕಾರರು ಬಟ್ಟೆವ್ಯಾಪಾರಿಗಳ ಮನೆಗಳ ಮೇಲೆ ಬಿದ್ದರು. ಸೈನ್ಯವು ಬಂದು ಗುಂಡು ಹಾರಿಸಿತು. ಹೌಪ್ಟ್‌ಮನ್ನನ ಅಜ್ಜ ಸ್ವತಃ ಮಗ್ಗದ ಮುಂದೆ ಕುಳಿತಿದ್ದವನು. ತಂದೆಯ ಬಾಯಿಂದ ಅಜ್ಜನ ಕಥೆಯನ್ನು ಕೇಳಿದ ಮಗನು, ಆ ಪ್ರದೇಶದಲ್ಲಿ ಸಂಚರಿಸಿ, ಅಲ್ಲಿಯ ಆಡುನುಡಿಯಲ್ಲಿಯೇ ನಾಟಕವನ್ನು ಬರೆದು, ಅದನ್ನು ತಂದೆಗೆ ಅರ್ಪಿಸಿದನು. ಐದು ಅಂಕಗಳ ಆ ಕೃತಿಯಲ್ಲಿ ನಾಯಕನೆಂಬವನಿಲ್ಲ. ಮೊದಲ ಅಂಕದಲ್ಲಿ ನೆಯ್ದ ಬಟ್ಟೆಯನ್ನು ಒಪ್ಪಿಸಲು ಸಾಲಾಗಿ ನಿಂತವರ ಕೂಲಿಯಲ್ಲಿ ಗುಮಾಸ್ತನು ಏನಾದರೊಂದು ನೆಪದಿಂದ ಕಡಿತಮಾಡುತ್ತಾನೆ. ಎರಡನೆಯದರಲ್ಲಿ ಸಾಕಿದ ನಾಯಿಯನ್ನೇ ಕೊಂದು ಬೇಯಿಸಿದ ಮುದುಕನ ಹೊಟ್ಟೆ ಬಹುಕಾಲದ ಮೇಲೆ ದೊರೆತ ಮಾಂಸವನ್ನು ತಾಳಲಾರದೆ ಹೊರಹಾಕುತ್ತದೆ. ಕೊನೆಯದರಲ್ಲಿ ದಂಗೆಯನ್ನು ಒಪ್ಪದೆ, ದೇವರಲ್ಲಿ ಭಾರವಿಟ್ಟು ಮಗ್ಗವನ್ನು ಬಿಟ್ಟೇಳದ ಹಿರಿಯ ಹಿಲ್ಸೆಯೇ ದಾರಿತಪ್ಪಿದ ಗುಂಡಿಗೆ ಬಲಿಯಾಗುತ್ತಾನೆ. ದುಡಿಯುವ ಜನರನ್ನು ಹಾಸ್ಯಕ್ಕೋ ಕನಿಕರಕ್ಕೋ ರಂಗದ ಮೇಲೆ ತಂದ ನಾಟಕಗಳು ಅದಕ್ಕೆ ಮುಂಚೆ ಎಷ್ಟೋ ಇದ್ದವು. ಒಂದು ಕಸಬಿನವರೆಲ್ಲರೂ ಕೂಡಿ ಒಂದು ಪಾತ್ರವಾಗಿ, ತಮ್ಮ ಮಾತನ್ನು ತಾವೇ ಆಡಿದ ಕೃತಿ ಇಷ್ಟು ಸಮರ್ಥವಾಗಿ ಅದುವರೆಗೆ ಬಂದಿರಲಿಲ್ಲ.

ಬರ್ಲಿನ್ ಪೊಲೀಸರು 1892ರಲ್ಲಿಯೇ ಅದರ ಬಹಿರಂಗ ಪ್ರದರ್ಶನವನ್ನು ನಿಷೇಧಿಸಿದರು. ಗ್ರಂಥಕರ್ತನ ಪರವಾಗಿ ವ್ಯಾಜ್ಯವು ಪ್ರಷ್ಯದ ಉಚ್ಚ ಆಡಳಿತ ನ್ಯಾಯಾಲಯದ ವರೆಗೆ ಹೋಗಿ, 1893ರ ಅಕ್ಟೋಬರಿನಲ್ಲಿ ನಿಷೇಧವು ರದ್ದಾಯಿತು. ಆ ತೀರ್ಪಿಗೆ ನ್ಯಾಯಾಧೀಶರು ಕೊಟ್ಟ ಕಾರಣವನ್ನು ಮಾತ್ರ ರಂಗಭೂಮಿಯ ಹಿತಚಿಂತಕರು ಎಂದಿಗೂ ಮರೆಯಲಾಗದು: ನಾಟಕವನ್ನು ಆಡಲಿರುವ ಡಾಯ್ಚೆಸ್ ಥಿಯೇಟರಿನ ಟಿಕೇಟುಗಳ ದರ ಹೆಚ್ಚಿನದಾದುದರಿಂದ ಅಲ್ಲಿಗೆ ಕಾರ್ಮಿಕರು ಬರುವುದು ವಿರಳ, ಬರುವಂತಹವರು ದಂಗೆಯೇಳುವ ವರ್ಗದವರಲ್ಲ, ಆದುದರಿಂದ ಶಾಂತಿಭಂಗದ ಭಯವಿಲ್ಲ. ಹಸಿದವರ ನಾಟಕವನ್ನು ಹೊಟ್ಟೆತುಂಬಿದವರು ನೋಡಿದರೆ ಅಪಾಯವಿಲ್ಲವೆಂದು ನ್ಯಾಯಪೀಠವೇ ಲಿಖಿತವಾಗಿ ಸಾರಿದಂತಾಯಿತು. ಜನತಾರಂಗದ ಎರಡು ಸಂಘಗಳೂ ಅದೇ ವರ್ಷದ ಅಕ್ಟೋಬರ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ, ಅರ್ಧ ಮಾರ್ಕಿನ ಸದಸ್ಯರ ಮುಂದೆ, ಆ ನಾಟಕವನ್ನು ಆಡಿಸಿದವು. ಮರುವರ್ಷ ಡಾಯ್ಚೆಸ್ ಥಿಯೇಟರಿನಲ್ಲಿ ಬಹಿರಂಗ ಪ್ರದರ್ಶನವಾದಾಗ ಚಕ್ರವರ್ತಿ ಎರಡನೆಯ ವಿಲ್ಹೆಲ್ಮನು ಕೋಪಗೊಂಡು ಅಲ್ಲಿದ್ದ ತನ್ನ ರಾಜಾಸನವನ್ನು ತ್ಯಜಿಸಿದನು.

ಸರ್ಕಾರದ ಅಸಮಾಧಾನ ಅಲ್ಲಿಗೆ ತೀರಲಿಲ್ಲ. ಸಾವಿರಾರು ಸದಸ್ಯರಿರುವ ಸಂಘವು ಖಾಸಗಿಯಲ್ಲವೆಂದೂ ಅದರ ಪ್ರದರ್ಶನಗಳೆಲ್ಲ ಪೂರ್ವಪರಿಶೀಲನೆಗೆ ಒಳಪಡತಕ್ಕವೆಂದೂ ಪೊಲೀಸರು 1895ರಲ್ಲಿ ಹಟಹಿಡಿದರು. ಪರಿಶೀಲಕನ ಕತ್ತರಿಗೆ ಕೊರಳೊಡ್ಡುವುದಕ್ಕಿಂತ ವಿಸರ್ಜನೆಯೇ ಲೇಸೆಂದು ಮೂಲಸಂಘವು 1896ರಲ್ಲಿ ತನ್ನನ್ನು ತಾನೇ ಮುಚ್ಚಿಕೊಂಡು, ನಿಯಮಗಳನ್ನು ತಿದ್ದಿಕೊಂಡು ಮರುವರ್ಷ ಮತ್ತೆ ಹುಟ್ಟಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕದ ಹೊತ್ತಿಗೆ ಎರಡು ಸಂಘಗಳೂ ಬೆಳೆದು, ಸದಸ್ಯರು ಹತ್ತಾರು ಸಾವಿರಗಳಾಗಿ, ಬಾಡಿಗೆಯ ರಂಗಮಂದಿರಗಳು ಸಾಲದಾದವು. ಈ ಬಗೆಯ ವಿಚಾರಗಳು ಯುರೋಪಿನ ಬೇರೆ ದೇಶಗಳಲ್ಲಿಯೂ ಅಂಕುರಿಸುತ್ತಿದ್ದ ಕಾಲವದು. ಫ್ರಾನ್ಸಿನ ರೊಮೇನ್ ರೋಲಾ 1903ರಲ್ಲಿ ಜನತೆಯ ರಂಗಭೂಮಿಯನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದನು. ನಾಲ್ಕು ದಶಕಗಳ ಬಳಿಕ ಮುಂಬಯಿಯಲ್ಲಿ ಸ್ಥಾಪಿತವಾದ ಭಾರತೀಯ ಜನತಾ ರಂಗಭೂಮಿ ಸಂಘವು ಹೆಸರು ಪಡೆದದ್ದು ಆ ಗ್ರಂಥದ ಸ್ಫೂರ್ತಿಯಿಂದ. ಆ ಅಖಿಲ ಭಾರತ ಸಂಘಕ್ಕೆ ಪೂರ್ವಭಾವಿಯಾಗಿ ಅನಿಲ್ ಡಿ ಸಿಲ್ವಾ ಎಂಬ ಸಿಂಹಳದ ಮಹಿಳೆ 1941ರಲ್ಲಿ ಇಂಥ ತಂಡವೊಂದನ್ನು ಕಟ್ಟಿದ್ದು ನಮ್ಮ ಬೆಂಗಳೂರಿನಲ್ಲಿಯೇ ಎಂಬುದನ್ನು ಇಲ್ಲಿ ಸಂತೋಷದಿಂದ ಸ್ಮರಿಸಬಹುದು.

ಸ್ವಂತ ಮಂದಿರವನ್ನು ಕಟ್ಟುವ ಸಂಕಲ್ಪವು ಎರಡು ಸಂಘಗಳನ್ನೂ ಮತ್ತೆ ಹತ್ತಿರ ತಂದಿತು. 1913ರಲ್ಲಿ ಅವು ಒಪ್ಪಂದ ಮಾಡಿಕೊಂಡವು. ಬರ್ಲಿನ್ ನಗರಸಭೆಯು ಸಾಲ ಕೊಟ್ಟಿತು. ಆದರೆ ಆ ಸಾಲಕ್ಕೆ ಆಧಾರವಾಗಿ ನಿಂತದ್ದು ಸದಸ್ಯರು ಫೆನ್ನಿಗ್ ಫೆನ್ನಿಗಾಗಿ ಕೂಡಿಸಿದ ವಂತಿಗೆ. ನಮ್ಮ ಹಳ್ಳಿಗಳಲ್ಲಿ ಬಯಲಾಟಕ್ಕೆಂದು ಮನೆಮನೆಯಿಂದ ವಂತಿಗೆ ಎತ್ತಿ ಚಪ್ಪರ ಹಾಕುವ ಪದ್ಧತಿಯನ್ನು ಬಲ್ಲವರಿಗೆ ಇದರ ಹಿಂದಿನ ಅಭಿಮಾನವನ್ನು ವಿವರಿಸಬೇಕಾದುದಿಲ್ಲ. ನಗರದ ಬಡವರ ಬೀಡಾಗಿದ್ದ ಷೋಯ್ನನ್‌ಫಿಯೆರ್ಟೆಲ್ ಬಡಾವಣೆಯ ಬ್ಯೂಲೋ ಚೌಕದಲ್ಲಿ, ವಾಸ್ತುಶಿಲ್ಪಿ ಆಸ್ಕರ್ ಕೌಫ್‌ಮನ್ನನ ನಕ್ಷೆಯಂತೆ, ಸುಮಾರು ಎರಡು ಸಾವಿರ ಆಸನಗಳ ಭವ್ಯಮಂದಿರವೆದ್ದಿತು. ತಿರುಗುವ ರಂಗ, ಮರದ ಹಲಗೆಗಳನ್ನು ಹೊದಿಸಿದ ಪ್ರೇಕ್ಷಾಗಾರ, ಮುಖಮಂಟಪದ ಮೇಲೆ ‘ಕಲೆಯು ಜನತೆಗೆ’ ಎಂಬ ಅಕ್ಷರಗಳು. ಬಡವರಿಗೆ ಅಗ್ಗದ್ದೇ ಸಾಕೆಂಬ ಭಾವನೆಯನ್ನು ಆ ಕಟ್ಟಡದ ಒಂದೊಂದು ಕಲ್ಲೂ ನಿರಾಕರಿಸುತ್ತಿದ್ದಿತು. ದೈವಯೋಗವಾದರೋ ಬೇರೊಂದು. 1914ರ ಡಿಸೆಂಬರ್ 30ರಂದು ಬ್ಯೋರ್ನ್‌ಸನ್ನನ ನಾಟಕದೊಡನೆ ಬಾಗಿಲು ತೆರೆಯುವ ವೇಳೆಗೆ ಮಹಾಯುದ್ಧವು ಐದು ತಿಂಗಳು ನಡೆದುಹೋಗಿ, ವಂತಿಗೆ ಕೊಟ್ಟ ಅದೆಷ್ಟೋ ಮಂದಿ ಕಂದಕಗಳಲ್ಲಿದ್ದರು. ಯುದ್ಧಕಾಲದ ಸಂಕಷ್ಟದಲ್ಲಿ ಮಂದಿರದ ನಿರ್ವಹಣೆಯನ್ನು 1915ರಿಂದ ಮೂರು ವರ್ಷ ನಿರ್ದೇಶಕ ಮಾಕ್ಸ್ ರೈನ್‌ಹಾರ್ಟನಿಗೆ ಒಪ್ಪಿಸಬೇಕಾಯಿತು. ಯುದ್ಧಾನಂತರ, 1920ರಲ್ಲಿ, ಎರಡು ಸಂಘಗಳೂ ಪೂರ್ಣವಾಗಿ ಒಂದಾದವು.

ಸಂಸ್ಥೆಯು ಹಿರಿದಾದಂತೆ ಅದರ ಮನಸ್ಸು ಅಂಜುಬುರುಕಾಯಿತೆಂಬ ಆಕ್ಷೇಪಣೆ ಈ ಕಾಲದ್ದು. ಅದನ್ನು ಪರೀಕ್ಷೆಗೆ ಒಡ್ಡಿದವನು ಎರ್ವಿನ್ ಪಿಸ್ಕಾಟರ್. 1920ರಲ್ಲಿಯೇ ಕಾರ್ಮಿಕರ ಸಭಾಂಗಣಗಳಲ್ಲಿ ತನ್ನ ‘ಪ್ರೊಲಿಟೇರಿಯನ್ ರಂಗ’ವನ್ನು ನಡೆಸಿದ್ದ ಈತನು, 1924ರಲ್ಲಿ ಜನತಾರಂಗಕ್ಕೆ ಬಂದು ಆಲ್ಫೋನ್ಸ್ ಪಾಕೆಯ ‘ಧ್ವಜಗಳು’ ಎಂಬ ನಾಟಕವನ್ನು ನಿರ್ದೇಶಿಸಿದನು. 1886ರ ಷಿಕಾಗೋ ನಗರದಲ್ಲಿ ಎಂಟು ಗಂಟೆಗಳ ದುಡಿಮೆಗಾಗಿ ನಡೆದ ಹೋರಾಟವೂ, ಬಾಂಬಿನ ಪ್ರಕರಣವೂ, ಮರುವರ್ಷ ನಾಲ್ವರನ್ನು ನೇಣಿಗೇರಿಸಿದ ಅನ್ಯಾಯವೂ ಅದರ ವಸ್ತು. ರಂಗದ ಪಕ್ಕಗಳಲ್ಲಿ ತೆರೆಗಳನ್ನಿಟ್ಟು ಅವುಗಳ ಮೇಲೆ ಛಾಯಾಚಿತ್ರಗಳನ್ನೂ ಬರಹಗಳನ್ನೂ ಬೆಳಕಿನಿಂದ ಮೂಡಿಸಿ, ರಂಗದ ಘಟನೆಗೂ ಹೊರಗಿನ ಚರಿತ್ರೆಗೂ ಇರುವ ನಂಟನ್ನು ಆತನು ತೋರಿಸಿದನು. ಮುಂದೆ ಚಲನಚಿತ್ರವನ್ನೇ ನಾಟಕದೊಳಕ್ಕೆ ತಂದನು. ಇವು ವಿನೋದಕ್ಕಾಗಿ ಮಾಡಿದ ಯಂತ್ರಚಮತ್ಕಾರಗಳಲ್ಲ. ನೇಕಾರರ ಹಸಿವನ್ನು ಹೌಪ್ಟ್‌ಮನ್ನನು ಗುಡಿಸಿಲಿನ ಒಳಗಿನಿಂದ ತೋರಿಸಿದನಾದರೆ, ಅದನ್ನು ಉಂಟುಮಾಡಿದ ಮಾರುಕಟ್ಟೆಯೂ ಸೈನ್ಯವೂ ಗುಡಿಸಿಲಿನ ಹೊರಗಿದ್ದವು. ಆ ಹೊರಗನ್ನು ರಂಗದ ಮೇಲೆ ತರುವ ಉಪಾಯವೇ ಪಿಸ್ಕಾಟರನ ತೆರೆ.

1927ರ ಮಾರ್ಚ್ 23ರಂದು ಆಡಿದ ಎಹ್ಮ್ ವೆಲ್ಕನ ‘ಗೋತ್‌ಲಾಂಡಿನ ಮೇಲೆ ಬಿರುಗಾಳಿ’ಯಲ್ಲಿ, ಮಧ್ಯಯುಗದ ಕಡಲ್ಗಳ್ಳರ ಕಥೆಯೊಳಗೆ ಪಿಸ್ಕಾಟರನು ಲೆನಿನ್ನನ ಹೋಲಿಕೆಯನ್ನೂ ಸಮಕಾಲೀನ ಕ್ರಾಂತಿಯ ಚಿತ್ರಗಳನ್ನೂ ತಂದನು. ಸಂಘವು ಪಕ್ಷಾತೀತವೆಂಬ ಕಾರಣವನ್ನು ಹೇಳಿ ಆಡಳಿತ ಮಂಡಲಿಯವರು ಚಲನಚಿತ್ರದ ಭಾಗಗಳನ್ನು ಕತ್ತರಿಸಿದರು. ಮಂಡಲಿಯವರಿಗೂ ಸಂಕಟಗಳಿದ್ದವೆಂಬುದನ್ನು ಅಲ್ಲಗಳೆಯಲಾಗದು. ನಾನಾ ಅಭಿಪ್ರಾಯಗಳ ಅಸಂಖ್ಯ ಸದಸ್ಯರನ್ನು ಕೂಡಿಸಿಕೊಂಡು ಹೋಗಬೇಕಾದವರು ಅವರು. ಆದರೂ ಪೊಲೀಸರ ಕತ್ತರಿಗೆ ಒಪ್ಪದೆ ಒಮ್ಮೆ ತನ್ನ ಅಸ್ತಿತ್ವವನ್ನೇ ತೊರೆದಿದ್ದ ಸಂಸ್ಥೆ, ಮೂವತ್ತೊಂದು ವರ್ಷಗಳ ತರುವಾಯ ತಾನೇ ಕತ್ತರಿಯನ್ನು ಕೈಗೆತ್ತಿಕೊಂಡದ್ದು ವಿಷಾದಕರ. ಪಿಸ್ಕಾಟರನು ಹೊರನಡೆದು ನೊಲೆಂಡಾರ್ಫ್ ಚೌಕದಲ್ಲಿ ಸ್ವಂತ ರಂಗವನ್ನು ತೆರೆದನು. ಜನತಾರಂಗದ ತರುಣ ಸದಸ್ಯರು ಅನೇಕರು ಅಗ್ಗದ ದರದ ವಿಶೇಷ ವಿಭಾಗವಾಗಿ ಅವನನ್ನು ಹಿಂಬಾಲಿಸಿದರು, ಆದರೆ ಅಷ್ಟರಿಂದ ಖರ್ಚು ತೂಗದೆ, ಹೆಚ್ಚು ಹಣ ತೆತ್ತು ಬರುವ ಸಿರಿವಂತರನ್ನೇ ಅವನ ರಂಗವು ನೆಚ್ಚಬೇಕಾಯಿತು, ಮರುವರ್ಷವೇ ದಿವಾಳಿಯಾಯಿತು. ಕ್ರಾಂತಿಯ ನಾಟಕ ಒಂದು ಕಡೆ, ಅದಕ್ಕೆ ಯೋಗ್ಯವಾದ ಪ್ರೇಕ್ಷಕಸಂಘ ಇನ್ನೊಂದು ಕಡೆ ಉಳಿದುಹೋದ ಈ ಅಗಲಿಕೆಯಿಂದ ಎರಡಕ್ಕೂ ಆದ ನಷ್ಟವು ಅಪಾರ.

1933ರಲ್ಲಿ ನಾಜಿ ಪ್ರಭುತ್ವವು ಬಂದ ಮೇಲೆ ಹೇಳುವುದಕ್ಕೆ ಹೆಚ್ಚಿಲ್ಲ. ಸಂಘದ ಸ್ವಾತಂತ್ರ್ಯ ಹೋಯಿತು, ಮಂದಿರ ಪ್ರಭುತ್ವದ ಕೈಸೇರಿತು, ಯುದ್ಧದಲ್ಲಿ ಬಾಂಬುಗಳಿಗೆ ತುತ್ತಾಯಿತು. 1954ರಲ್ಲಿ ಪೂರ್ವ ಬರ್ಲಿನ್ನಿನಲ್ಲಿ ಅದನ್ನು ಮತ್ತೆ ಕಟ್ಟಿ ತೆರೆದಾಗ ಅದು ಸರ್ಕಾರಿ ರಂಗವಾಗಿದ್ದಿತು. ಪ್ರೇಕ್ಷಕರ ಸಂಘವು ಪಶ್ಚಿಮ ಬರ್ಲಿನ್ನಿನಲ್ಲಿ ಪುನಃ ತಲೆಯೆತ್ತಿತು. ಮನೆಯೊಂದು ಕಡೆ, ಮನೆಯವರೊಂದು ಕಡೆ ಆದರು. 1961ರಲ್ಲಿ ನಡುವೆ ಗೋಡೆಯೇ ಎದ್ದಿತು. ದೇಶಭ್ರಷ್ಟನಾಗಿ ಮಾಸ್ಕೋ, ನ್ಯೂಯಾರ್ಕುಗಳಲ್ಲಿ ಕಾಲಕಳೆದು 1951ರಲ್ಲಿ ಹಿಂದಿರುಗಿದ್ದ ಪಿಸ್ಕಾಟರನನ್ನು ಸಂಘವು 1962ರಲ್ಲಿ ತನ್ನ ರಂಗದ ಮುಖ್ಯಸ್ಥನಾಗಲು ಕರೆಯಿತು. ಹೊರಹೋಗುವಂತೆ ಮಾಡಿದವನನ್ನು ಮೂವತ್ತೈದು ವರ್ಷಗಳ ಮೇಲೆ ಮರ್ಯಾದೆಯಿಂದ ಬರಮಾಡಿಕೊಳ್ಳುವ ಹಿರಿಮೆ ಎಲ್ಲ ಸಂಸ್ಥೆಗಳಿಗೂ ಇರುವುದಿಲ್ಲ. ಮರುವರ್ಷ ಷಾಪರ್ ಬೀದಿಯಲ್ಲಿ ಸಂಘದ ಹೊಸ ರಂಗಮಂದಿರವು ಸಿದ್ಧವಾಯಿತು.

ಅಲ್ಲಿ ಆತನು ನಿರ್ದೇಶಿಸಿದ ಪೀಟರ್ ವೈಸನ ‘ತನಿಖೆ’ ಎಂಬ ನಾಟಕ, ಆಷ್ವಿಟ್ಸ್ ಶಿಬಿರದ ಅಪರಾಧಿಗಳ ಮೇಲೆ ಫ್ರಾಂಕ್‌ಫರ್ಟಿನಲ್ಲಿ ನಡೆದ ವಿಚಾರಣೆಯ ಸಾಕ್ಷ್ಯಗಳನ್ನೇ ಆಧಾರವಾಗಿಟ್ಟುಕೊಂಡು ರಚಿತವಾದದ್ದು. ಬದುಕುಳಿದವರ ಸಾಕ್ಷ್ಯವು ಅಲಂಕಾರವಿಲ್ಲದೆ ಒಂದರ ಹಿಂದೊಂದು ಬರುತ್ತದೆ. ಶಿಬಿರದ ಬಂದಿಗಳ ದುಡಿಮೆಯಿಂದ ಲಾಭ ಪಡೆದ ಉದ್ಯಮಗಳ ವಿಚಾರವೂ ಅದರಲ್ಲಿ ಬರುತ್ತದೆ. ಪೂರ್ವ ಪಶ್ಚಿಮಗಳ ಅನೇಕ ರಂಗಗಳಲ್ಲಿ ಏಕಕಾಲಕ್ಕೆ ಪ್ರಥಮ ಪ್ರದರ್ಶನವನ್ನು ಕಂಡ ಆ ನಾಟಕದ ದಿನ 1965ರ ಅಕ್ಟೋಬರ್ 19. ಓಸ್ಟೆಂಡ್ ಥಿಯೇಟರಿನಲ್ಲಿ ಸಂಘದ ಮೊದಲ ನಾಟಕವಾಗಿ ಅಂದಿಗೆ ಎಪ್ಪತ್ತೈದು ವರ್ಷ ತುಂಬಿದ್ದವು. ಪಿಸ್ಕಾಟರನು ಮರುವರ್ಷ ಮಾರ್ಚ್ 30ರಂದು ತೀರಿಕೊಂಡನು. ಷಾಪರ್ ಬೀದಿಯ ರಂಗದಲ್ಲಿ ಸಂಘದ ನಾಟಕಗಳು 1990ರ ದಶಕದ ಆರಂಭದಲ್ಲಿ ನಿಂತುಹೋದವು. ಆ ಮಂದಿರದಲ್ಲಿ ಈಗ ಬರ್ಲಿನ್ನಿನ ಕಲೋತ್ಸವಗಳು ನಡೆಯುತ್ತವೆ. ಸದಸ್ಯರ ಫೆನ್ನಿಗುಗಳಿಂದ ಎದ್ದ ಹಳೆಯ ಮಂದಿರವು, ಹೆಸರು ಬದಲಾಯಿಸಿಕೊಂಡು ಇಂದು ರೋಜಾ ಲುಕ್ಸೆಂಬುರ್ಗ್ ಚೌಕವೆನಿಸಿರುವ ಸ್ಥಳದಲ್ಲಿ, ನಗರದ ಅನುದಾನದಿಂದ ನಡೆಯುವ ರಂಗಮಂದಿರವಾಗಿ ಇಂದಿಗೂ ನಾಟಕಗಳನ್ನು ಆಡಿಸುತ್ತಿದೆ.